ದಿನಾ ಎರಡು ಸಲ ಸ್ನಾನ ಮಾಡಿದ್ರೂ ಮೈ ಕೆರೆತ ಯಾಕೆ? ದಿನಾ ಸ್ನಾನ ಬೇಕೇ ಬೇಕಾ?

ಪ್ರಶ್ನೆ: ನಾನು ಬೆಳಗ್ಗೆ ಒಂದ್ಸಲ ರಾತ್ರಿ ಒಂದ್ಸಲ ಚೆನ್ನಾಗಿ ಕಾದ ನೀರಲ್ಲಿ, ಮೈತುಂಬಾ ಸೋಪ್ ಹಚ್ಚಿ ತಿಕ್ಕಿ ತಿಕ್ಕಿ ಸ್ನಾನ ಮಾಡ್ತೀನಿ. ಆದ್ರೂ ಕೈಕಾಲೆಲ್ಲ ಕೆರೆತ. ನನ್ನ ರೂಮ್‌ಮೇಟ್ ವಾರಕ್ಕೆ ಮೂರ್ನಾಲ್ಕು ದಿನ ಮಾತ್ರ ಸ್ನಾನ ಮಾಡೋದು, ಅವನಿಗೆ ಏನೂ ಇಲ್ಲ. ಹಾಗಾದ್ರೆ ದಿನಾ ಸ್ನಾನ ಮಾಡೋದ್ರಿಂದ ಆರೋಗ್ಯಕ್ಕೆ ನಿಜವಾಗ್ಲೂ ಲಾಭ ಇದ್ಯಾ, ಇಲ್ಲ ಅದು ಬರೀ ಅಭ್ಯಾಸನಾ?

ಉತ್ತರ: ಲಾಭ ಇದೆ, ದೊಡ್ಡ ಲಾಭಾನೇ ಇದೆ, ಆದ್ರೆ ಅದು ಇಡೀ ಮೈಗೆ ಒಂದೇ ಸಮ ಇಲ್ಲ. ಕಂಕುಳು, ತೊಡೆಸಂದು, ಪಾದ, ಮುಖ, ಕೈ, ಇಷ್ಟು ಜಾಗ ದಿನಾ ತೊಳೀಲೇಬೇಕು, ಇದರಲ್ಲಿ ನಾನು ರಿಯಾಯಿತಿ ಕೊಡಲ್ಲ. ಮಿಕ್ಕ ಮೈಗೆ ದಿನಾ ನೀರು ಬಿದ್ರೆ ಒಳ್ಳೇದು, ದಿನಾ ಸೋಪ್ ಬೇಕಾಗಿಲ್ಲ. ನಿಮ್ಮ ಕೆರೆತಕ್ಕೆ ಕಾರಣ ಸ್ನಾನ ಸಾಲದೇ ಇರೋದಲ್ಲ, ನೀವು ಹೇಳಿದ ರೀತಿ ನೋಡಿದ್ರೆ ಹೆಚ್ಚಾಗಿ ನಿಮ್ಮ ಬಿಸಿನೀರು, ಸೋಪು, ತಿಕ್ಕೋದು ಈ ಮೂರೇ ಸೇರಿ ಚರ್ಮ ಒಣಗಿಸಿರೋ ಹಾಗಿದೆ. (ಇನ್ನೊಂದು ಕಾರಣಾನೂ ಇರಬಹುದು, ಅದನ್ನ ಕೊನೇಲಿ ಹೇಳ್ತೀನಿ, ದಯವಿಟ್ಟು ಅಲ್ಲೀವರೆಗೂ ಓದಿ.)

ಚರ್ಮದ ಮೇಲ್ಭಾಗ ಹೇಗಿದೆ ಅಂತ ಸ್ವಲ್ಪ ಗೊತ್ತಿದ್ರೆ ಎಲ್ಲ ಅರ್ಥ ಆಗುತ್ತೆ. ನಾವು ಮುಟ್ಟೋ ಹೊರಪದರ ಸತ್ತ ಜೀವಕೋಶಗಳದ್ದು, ಒಂದರ ಮೇಲೊಂದು ಒತ್ತಾಗಿ ಕೂತಿರುತ್ತೆ, ಅಂಗೈ ಅಂಗಾಲು ಬಿಟ್ರೆ ಉಳಿದ ಕಡೆ ಒಂದು ಕೂದಲೆಳೆಗಿಂತಾನೂ ತೆಳು. ಆ ಕೋಶಗಳ ಮಧ್ಯೆ ಗೋಡೆಗೆ ಗಾರೆ ಮೆತ್ತಿದ ಹಾಗೆ ಒಂದು ಥರ ಜಿಡ್ಡು ತುಂಬಿರುತ್ತೆ. ಒಳಗಿನ ತೇವ ಹೊರಗೆ ಹೋಗದ ಹಾಗೆ, ಹೊರಗಿನ ಕ್ರಿಮಿ ಒಳಗೆ ಬರದ ಹಾಗೆ ತಡೀತಾ ಇರೋದು ಇದೇ. ಅಡಿಯಿಂದ ಹೊಸ ಕೋಶ ಹುಟ್ಟಿ ಮೇಲಕ್ಕೆ ಬಂದು ಉದುರಿಹೋಗೋಕೆ ಸುಮಾರು 4ರಿಂದ 6 ವಾರ ಬೇಕು, ಅಂದ್ರೆ ಚರ್ಮ ತನ್ನ ಪಾಡಿಗೆ ತಾನು ನಿಧಾನಕ್ಕೆ ಕಳಚಿಕೊಳ್ತಾನೇ ಇರುತ್ತೆ, ನಾವು ಕಲ್ಲು ಹಾಕಿ ಉಜ್ಜಿ ಕಳಚಬೇಕಾಗಿಲ್ಲ. ಜೊತೆಗೆ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು (ಪಿಎಚ್ ಅಂದ್ರೆ ಹುಳಿ-ಕ್ಷಾರ ಅಳೆಯೋ ಲೆಕ್ಕ, 7ಕ್ಕಿಂತ ಕಮ್ಮಿ ಇದ್ರೆ ಹುಳಿ, ಜಾಸ್ತಿ ಇದ್ರೆ ಕ್ಷಾರ). ಈ ಹುಳಿಗುಣ ಇರೋದ್ರಿಂದಾನೇ ಚರ್ಮದ ಮೇಲೆ ವಾಸ ಮಾಡೋ ಒಳ್ಳೇ ಬ್ಯಾಕ್ಟೀರಿಯಾಗಳು ಬದುಕ್ತವೆ, ಕೆಟ್ಟವು ಬೇರೂರೋದು ಕಷ್ಟ ಆಗುತ್ತೆ. ಮಾಮೂಲಿ ಸೋಪ್‌ನ ಪಿಎಚ್ 9ರಿಂದ 10, ಪೂರ್ತಿ ಉಲ್ಟಾ. ಒಂದ್ಸಲ ಹಚ್ಚಿದ್ರೆ ಆರೋಗ್ಯವಾಗಿರೋ ಚರ್ಮ ಕೆಲವು ಗಂಟೇಲಿ ಸುಧಾರಿಸ್ಕೊಳ್ಳುತ್ತೆ, ಆದ್ರೆ ದಿನಕ್ಕೆ ಎರಡು ಸಲ, ಅದೂ ಸುಡೋ ನೀರಿನ ಜೊತೆ ಅಂದ್ರೆ ಆ ಗಾರೆ ಕರಗಿ ಕರಗಿ ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತೆ, ತೇವ ಆರಿಹೋಗುತ್ತೆ, ಕೆರೆತ ಶುರು. ಕೆರೆದ್ರೆ ಇನ್ನೂ ಬಿರುಕು. ಆಗ ಜನ ಏನ್ ಮಾಡ್ತಾರೆ, ಕೊಳೆ ಇದೆ ಅಂದ್ಕೊಂಡು ಇನ್ನೂ ಜಾಸ್ತಿ ಸೋಪ್ ಹಚ್ತಾರೆ.

ಹಾಗಂತ ಸ್ನಾನ ಬಿಡಿ ಅಂತ ನಾನು ಹೇಳ್ತಿಲ್ಲ. ಬೆವರಿನ ವಿಷಯಾನೇ ತಗೊಳ್ಳಿ. ನಮ್ಮ ಮೈಮೇಲೆ 20ರಿಂದ 40 ಲಕ್ಷ ಬೆವರುಗ್ರಂಥಿ ಇವೆ, ಅವುಗಳಲ್ಲಿ ಬಹುಪಾಲು ಸುರಿಸೋದು ಬರೀ ಉಪ್ಪುನೀರು, ಅದಕ್ಕೆ ವಾಸನೆ ಇಲ್ಲ. ಕಂಕುಳು, ತೊಡೆಸಂದಿಲಿ ಮಾತ್ರ ಬೇರೆ ಜಾತಿ ಗ್ರಂಥಿ ಇದ್ದು ಅವು ಹರೆಯ ಬಂದಾಗಿಂದ ಕೊಬ್ಬು ಪ್ರೋಟೀನು ಇರೋ ಮಂದ ಬೆವರು ಬಿಡ್ತವೆ, ಅದೂ ಬಿಟ್ಟ ಕ್ಷಣಕ್ಕೆ ವಾಸನೆ ಇರಲ್ಲ, ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ತಿಂದು ಒಡೆದಾಗ ಹುಟ್ಟೋದು ನಾತ. ಅದಕ್ಕೇ ಚಿಕ್ಕಮಕ್ಕಳು ಎಷ್ಟು ಬೆವರಿದ್ರೂ ದೊಡ್ಡವರ ಹಾಗೆ ಕಂಕುಳು ನಾರಲ್ಲ. ಆ ಜಾಗಕ್ಕೆ ಬರೀ ನೀರು ಸಾಕಾಗಲ್ಲ, ಜಿಡ್ಡು ಇರೋದ್ರಿಂದ ಸೋಪ್ ಬೇಕು. ಸೋಪ್ ಕಣದ ಒಂದು ತುದಿ ಜಿಡ್ಡನ್ನ ಹಿಡ್ಕೊಳ್ಳುತ್ತೆ, ಇನ್ನೊಂದು ತುದಿ ನೀರನ್ನ, ಹಾಗಾಗಿ ಜಿಡ್ಡಿನ ಜೊತೆ ಕ್ರಿಮಿಗಳೂ ಎದ್ದು ಕೊಚ್ಚಿಕೊಂಡು ಹೋಗ್ತವೆ. ಸೋಪ್ ಅವನ್ನೆಲ್ಲ ಕೊಲ್ಲಬೇಕು ಅಂತೇನಿಲ್ಲ, ಎಬ್ಬಿಸಿ ಕಳಿಸಿದ್ರೆ ಸಾಕು. ಆಂಟಿಬ್ಯಾಕ್ಟೀರಿಯಲ್ ಅಂತ ಬರೆದಿರೋದೇ ಬೇಕು ಅನ್ನೋರಿಗೆ ಒಂದು ಮಾತು: 2016ರಲ್ಲಿ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಟ್ರೈಕ್ಲೋಸಾನ್ ಸೇರಿ 19 ಕ್ರಿಮಿನಾಶಕ ರಾಸಾಯನಿಕಗಳನ್ನ ಮನೆಬಳಕೆಯ ಸೋಪ್, ಬಾಡಿವಾಶ್‌ಗಳಲ್ಲಿ ಹಾಕೋ ಹಾಗಿಲ್ಲ ಅಂತು, ಯಾಕಂದ್ರೆ ಮಾಮೂಲಿ ಸೋಪು ನೀರಿಗಿಂತ ಅವು ಹೆಚ್ಚು ಕೆಲಸ ಮಾಡುತ್ತೆ ಅಂತಾನಾಗ್ಲಿ, ವರ್ಷಗಟ್ಟಲೆ ದಿನಾ ಬಳಸಿದ್ರೆ ಸುರಕ್ಷಿತ ಅಂತಾನಾಗ್ಲಿ ಕಂಪನಿಗಳು ತೋರಿಸೋಕೆ ಆಗ್ಲಿಲ್ಲ.

ಇನ್ನು ಕಾಯಿಲೆ ವಿಷಯ. ಸ್ವಚ್ಛತೆ ಎಷ್ಟು ಜೀವ ಉಳಿಸಿದೆ ಅಂತ ಯಾರಾದ್ರೂ ಕೇಳಿದ್ರೆ ನನಗೆ ಮೊದಲು ನೆನಪಾಗೋದು ಚಾರ್ಲ್ಸ್ ನಿಕೋಲ್ ಅನ್ನೋ ಫ್ರೆಂಚ್ ವೈದ್ಯರ ಕಥೆ. 1909ರಲ್ಲಿ ಉತ್ತರ ಆಫ್ರಿಕಾದ ಟ್ಯುನಿಸ್ ನಗರದಲ್ಲಿದ್ರು. ಆಗ ಟೈಫಸ್ ಜ್ವರ ಜನರನ್ನ ಗುಂಪುಗುಂಪಾಗಿ ಬಲಿ ತಗೊಳ್ತಿತ್ತು (ಟೈಫಾಯ್ಡ್ ಅಲ್ಲ, ಇದೇ ಬೇರೆ), ಹೇಗೆ ಹರಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವರು ಗಮನಿಸಿದ್ದು ಒಂದು ಸಣ್ಣ ವಿಷಯ. ಆಸ್ಪತ್ರೆ ಹೊರಗಿದ್ದಾಗ ರೋಗಿಯಿಂದ ಬೇರೆಯವರಿಗೆ ಅಂಟ್ತಿತ್ತು, ರೋಗಿಯ ಬಟ್ಟೆ ಮುಟ್ಟಿದ ಸಿಬ್ಬಂದಿಗೂ ಅಂಟ್ತಿತ್ತು, ಆದ್ರೆ ಬಾಗಿಲಲ್ಲಿ ಬಿಸಿನೀರ ಸ್ನಾನ ಮಾಡಿಸಿ ಹಳೇ ಬಟ್ಟೆ ತೆಗೆಸಿ ಆಸ್ಪತ್ರೆ ಬಟ್ಟೆ ಹಾಕಿಸಿ ಒಳಗೆ ಮಲಗಿಸಿದ ಮೇಲೆ ಅದೇ ರೋಗಿಯಿಂದ ಪಕ್ಕದ ಹಾಸಿಗೆಯವರಿಗೆ ಏನೂ ಆಗ್ತಿರಲಿಲ್ಲ. ಬಾಗಿಲಲ್ಲಿ ಉಳಿದಿದ್ದು ಏನು? ಬಟ್ಟೆ, ಬಟ್ಟೆಯ ಹೊಲಿಗೆ ಸಂದೀಲಿ ಇದ್ದ ಕೂರೆ. ರೋಗ ಹರಡ್ತಿದ್ದದ್ದು ಆ ಕೂರೆ. ಈ ಸಂಶೋಧನೆಗೆ 1928ರಲ್ಲಿ ಅವರಿಗೆ ನೊಬೆಲ್ ಬಂತು. ಇದರಲ್ಲಿ ಜನ ಮರೆಯೋ ಅಂಶ ಬಟ್ಟೇದು. ಮೈ ತೊಳೆದು ನಿನ್ನೆಯ ಬೆವರಿನ ಬನಿಯನ್, ಚಡ್ಡಿ, ಸಾಕ್ಸನ್ನೇ ಹಾಕ್ಕೊಂಡ್ರೆ ಅರ್ಧ ಕೆಲಸಾನೇ ಆಗಿದ್ದು.

ಇನ್ನೊಂದು ಉದಾಹರಣೆ ನನಗೆ ಮನಸ್ಸಿಗೆ ತುಂಬಾ ಹತ್ತಿರ. ಆನೆಕಾಲು ರೋಗ ಇರೋರಿಗೆ ಆಗಾಗ ಕಾಲು ಕೆಂಪಾಗಿ ಊದಿ ಚಳಿಜ್ವರ ಬಂದು ದಿನಗಟ್ಟಲೆ ಏಳೋಕಾಗದ ಹಾಗಾಗುತ್ತೆ. ಅದಕ್ಕೆ ಮುಖ್ಯ ಕಾರಣ, ಕಾಲಿನ ಮಡಿಕೆಗಳಲ್ಲಿ, ಬೆರಳ ಸಂದೀಲಿ ಚರ್ಮ ಬಿರಿದು ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ ಹೋಗೋದು. ದಿನಾ ಸೋಪು ನೀರಲ್ಲಿ ಮೆತ್ತಗೆ ಕಾಲು ತೊಳೆದು, ಪ್ರತಿ ಮಡಿಕೆ ಪ್ರತಿ ಸಂದಿ ಒತ್ತಿ ಒಣಗಿಸಿದ್ರೆ ಆ ಜ್ವರ ಬರೋದು ಎಷ್ಟೋ ಕಮ್ಮಿ ಆಗುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಚಿಕಿತ್ಸೆಯ ಭಾಗವಾಗೇ ಹೇಳುತ್ತೆ. ಊತ ಪೂರ್ತಿ ಹೋಗಲ್ಲ, ನಿಜ, ಆದ್ರೆ ಒಬ್ಬ ಮನುಷ್ಯ ಮತ್ತೆ ಎದ್ದು ಕೆಲಸಕ್ಕೆ ಹೋಗೋ ಹಾಗಾಗುತ್ತಲ್ಲ, ಅದೇನು ಸಣ್ಣ ವಿಷಯನಾ. ಮುಖ ತೊಳೆಯೋದೂ ಹಾಗೇ. ಟ್ರಕೋಮಾ ಅಂತ ಕುರುಡಾಗಿಸೋ ಕಣ್ಣಿನ ರೋಗ ಒಂದಿದೆ, ಅದು ಮಕ್ಕಳ ಕಣ್ಣು ಮೂಗಿನಿಂದ ಸೋರೋ ನೀರಿನ ಮೂಲಕ, ಕೈ, ಬಟ್ಟೆ, ನೊಣದಿಂದ ಹರಡುತ್ತೆ, ಅದನ್ನ ತಡೆಯೋ ಜಾಗತಿಕ ಕಾರ್ಯಕ್ರಮದ ನಾಲ್ಕು ಮುಖ್ಯ ಅಂಶಗಳಲ್ಲಿ ಮುಖ ಸ್ವಚ್ಛವಾಗಿ ಇಟ್ಕೊಳ್ಳೋದೇ ಒಂದು.

ದಿನನಿತ್ಯದ ತೊಂದರೆಗಳು ಅಂದ್ರೆ ಬೆವರುಸಾಲೆ, ಕುರ, ಕೂದಲ ಬುಡದ ಕೀವುಗುಳ್ಳೆ, ತೊಡೆಸಂದಿನ ಹುಳುಕಡ್ಡಿ, ಬೆನ್ನ ಮೇಲಿನ ಚಿಬ್ಬು, ತಲೆ ಹೊಟ್ಟು. ಇವೆಲ್ಲಕ್ಕೂ ಬೆವರು, ಜಿಡ್ಡು ನಿಲ್ಲೋದು ಅನುಕೂಲ ಮಾಡಿಕೊಡುತ್ತೆ, ಸ್ನಾನದಿಂದ ಇವು ಬರೋ ಸಾಧ್ಯತೆ ಕಮ್ಮಿ ಆಗುತ್ತೆ. ಆದ್ರೆ ಒಂದ್ಸಲ ಬಂದ್ಬಿಟ್ರೆ ಬರೀ ಸ್ನಾನದಿಂದ ಹೋಗಲ್ಲ, ಔಷಧಿ ಬೇಕು. ಹುಳುಕಡ್ಡಿ ಒಂದು ಫಂಗಸ್, ಅದಕ್ಕೆ ಒದ್ದೆ ಜಾಗ ಅಂದ್ರೆ ಪ್ರಾಣ, ಹಾಗಾಗಿ ಸ್ನಾನ ಮಾಡಿ ಸರಿಯಾಗಿ ಒರೆಸಿಕೊಳ್ಳದೆ ಜೀನ್ಸ್ ಏರಿಸ್ಕೊಂಡು ಓಡೋರಿಗೆ ಸ್ನಾನಾನೇ ಅದಕ್ಕೆ ದಾರಿ ಮಾಡಿಕೊಡುತ್ತೆ. ಟವೆಲ್ ಬೇರೆಯವರ ಜೊತೆ ಹಂಚ್ಕೋಬೇಡಿ, ಮಡಚಿ ಒದ್ದೆ ಇಡಬೇಡಿ, ಹರಡಿ ಒಣಗಿಸಿ, ಎರಡು ಮೂರು ದಿನಕ್ಕೊಮ್ಮೆ ಒಗೀರಿ. ಮೈ ತಿಕ್ಕೋ ಸ್ಪಂಜು ಸದಾ ಬಾತ್‌ರೂಮಲ್ಲೇ ಒದ್ದೆಯಾಗಿ ನೇತಾಡ್ತಿದ್ರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೀತಿರುತ್ತೆ, ಕೈಯೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ನೀವು ಏನ್ ಮಾಡ್ಬೇಕು? ದಿನಕ್ಕೆ ಒಂದೇ ಸ್ನಾನ, 5ರಿಂದ 10 ನಿಮಿಷ, ಉಗುರುಬೆಚ್ಚಗಿನ ನೀರು. ಮೈ ಕೆಂಪಗಾದ್ರೆ, ಬಾತ್‌ರೂಮ್ ಕನ್ನಡಿ ಪೂರ್ತಿ ಮಂಜಾದ್ರೆ ನೀರು ಜಾಸ್ತಿ ಬಿಸಿ ಇದೆ ಅಂತ ತಿಳ್ಕೊಳ್ಳಿ. ಸೋಪ್ ಕಂಕುಳಿಗೆ, ತೊಡೆಸಂದಿಗೆ, ಹಿಂಭಾಗಕ್ಕೆ, ಪಾದಕ್ಕೆ. ಕಿವಿಯ ಹಿಂದೆ, ಹೊಕ್ಕಳು, ಸ್ತನದ ಕೆಳಗಿನ ಮಡಿಕೆ, ಕಾಲ್ಬೆರಳ ಸಂದಿ, ಇವನ್ನ ಮರೀಬೇಡಿ. ಕೈಕಾಲು ಹೊಟ್ಟೆ ಬೆನ್ನಿಗೆ ಧೂಳು ಕೊಳೆ ಆಗಿದ್ದ ದಿನ ಮಾತ್ರ ಸೋಪ್. ಹೆಂಗಸರಿಗೆ ಒಂದು ಮಾತು, ಯೋನಿಯ ಒಳಭಾಗ ತನ್ನನ್ನ ತಾನೇ ಸ್ವಚ್ಛ ಮಾಡ್ಕೊಳ್ಳುತ್ತೆ, ಅಲ್ಲಿ ಸೋಪ್, ಪರಿಮಳದ ವಾಶ್ ಯಾವುದೂ ಹಾಕಬಾರದು, ಹಾಕಿದ್ರೆ ಅಲ್ಲಿನ ರಕ್ಷಣೆ ಕೆಟ್ಟು ಸೋಂಕು ಜಾಸ್ತಿ ಆಗುತ್ತೆ, ಹೊರಭಾಗಕ್ಕೆ ಬರೀ ನೀರು ಸಾಕು, ಮುಟ್ಟಿನ ದಿನಗಳಲ್ಲೂ ಆರಾಮಾಗಿ ಸ್ನಾನ ಮಾಡಬಹುದು. ಆಮೇಲೆ ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ಸ್ವಲ್ಪ ತೇವ ಇರುವಾಗಲೇ, ಮೂರು ನಿಮಿಷದ ಒಳಗೆ ಅಂತ ಇಟ್ಕೊಳ್ಳಿ, ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರು ಗಡಸಾಗಿದ್ರೆ ಸೋಪಿನ ಜೊತೆ ಸೇರಿ ಬಿಳಿ ಅಂಟು ಚರ್ಮದ ಮೇಲೆ ಉಳ್ಕೊಳ್ಳುತ್ತೆ, ಅದೂ ಕೆರೆತಕ್ಕೆ ಕಾರಣ ಆಗಬಹುದು, ಅಂಥೋರು ಸೋಪಿನ ಬದಲು ಪಿಎಚ್ 5.5 ಅಂತ ಬರೆದಿರೋ ಸೌಮ್ಯ ಕ್ಲೆನ್ಸರ್ ನೋಡಿ.

ರಾತ್ರಿ ಸ್ನಾನ ನಿಮಗೆ ಇಷ್ಟ ಅಂದ್ರೆ ಬಿಡಬೇಕಾಗಿಲ್ಲ, ಬೆಳಗ್ಗೇದನ್ನ ಬಿಡಿ. ಮಲಗೋಕೆ ಒಂದರಿಂದ ಎರಡು ಗಂಟೆ ಮುಂಚೆ ಬೆಚ್ಚಗಿನ ಸ್ನಾನ ಮಾಡಿದ್ರೆ ನಿದ್ದೆ ಸರಾಸರಿ 10 ನಿಮಿಷ ಬೇಗ ಬರುತ್ತೆ ಅಂತ 2019ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸಿದವರು ಕಂಡುಕೊಂಡ್ರು. ಬಿಸಿಗೆ ಅಂಗೈ ಅಂಗಾಲಿಗೆ ರಕ್ತ ಹರಿದು ಒಳಗಿನ ಶಾಖ ಹೊರಗೆ ಹೋಗಿ ಮೈ ತಂಪಾಗುತ್ತೆ, ನಿದ್ದೆಗೆ ಬೇಕಾಗಿರೋದು ಅದೇ. ತಣ್ಣೀರು ಸ್ನಾನದ ಬಗ್ಗೆಯೂ ಕೇಳ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ 3018 ಜನರ ಮೇಲೆ ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದ್ರು, ಸ್ನಾನದ ಕೊನೆಗೆ 30ರಿಂದ 90 ಸೆಕೆಂಡ್ ತಣ್ಣೀರು ಹಾಕ್ಕೊಂಡೋರು ಕೆಲಸಕ್ಕೆ ಸಿಕ್ ಲೀವ್ ಹಾಕಿದ್ದು 29% ಕಮ್ಮಿ, ಆದ್ರೆ ಹುಷಾರಿಲ್ಲದ ದಿನಗಳು ಮಾತ್ರ ಕಮ್ಮಿ ಆಗ್ಲಿಲ್ಲ. ಹಾಗಾಗಿ ಇಷ್ಟ ಇದ್ರೆ ಮಾಡಿ, ಕಾಯಿಲೆಯೇ ಬರಲ್ಲ ಅಂತ ನಂಬಬೇಡಿ, ಹೃದಯದ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಬೇಡ. ಸ್ನಾನದಿಂದ ಮೈಯಲ್ಲಿರೋ ವಿಷ ಹೊರಗೆ ಹೋಗುತ್ತೆ ಅನ್ನೋದೂ ಸುಳ್ಳು, ಆ ಕೆಲಸ ಲಿವರ್, ಕಿಡ್ನಿದು.

ಎಲ್ಲರಿಗೂ ಒಂದೇ ಲೆಕ್ಕ ಹಾಕೋಕಾಗಲ್ಲ. ಹುಟ್ಟಿದ ಮಗುವಿಗೆ ಕನಿಷ್ಠ 24 ಗಂಟೆ ಸ್ನಾನ ಬೇಡ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಮೈ ತಣ್ಣಗಾಗೋ ಅಪಾಯ ಇರುತ್ತೆ. ವಯಸ್ಸಾದವರ ಚರ್ಮದಲ್ಲಿ ಜಿಡ್ಡೇ ಕಮ್ಮಿ, ಅವರಿಗೆ ಸೋಪೂ ಕಮ್ಮಿ ಇರಲಿ. ಸಕ್ಕರೆ ಕಾಯಿಲೆ ಇರೋರು ಕಾಲು ನೀರಲ್ಲಿ ನೆನೆಸಿ ಕೂರಬಾರದು, ನೀರಿನ ಬಿಸೀನ ಮೊಣಕೈಯಿಂದ ನೋಡಿ ಆಮೇಲೆ ಕಾಲು ಇಡಿ. ನಮ್ಮ ಮನೇಲೇ ಹಿರಿಯರೊಬ್ಬರು ಬಿಸಿ ಗೊತ್ತಾಗದೆ ಪಾದ ಸುಟ್ಕೊಂಡು ಗಾಯ ಮಾಯೋಕೆ ತಿಂಗಳುಗಟ್ಟಲೆ ನರಳಿದ್ದನ್ನ ನಾನು ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಇನ್ನು ನಿಮ್ಮ ರೂಮ್‌ಮೇಟ್ ಬಗ್ಗೆ, ಅವರು ಕೂತು ಮಾಡೋ ಕೆಲಸದಲ್ಲಿದ್ದು, ಬೆವರು ಕಮ್ಮಿ, ಸ್ನಾನ ಇಲ್ಲದ ದಿನಾನೂ ನಾನು ಹೇಳಿದ ಜಾಗಗಳನ್ನ ತೊಳ್ಕೊಂಡು ಬಟ್ಟೆ ಬದಲಾಯಿಸ್ತಿದ್ರೆ ಅವರ ಆರೋಗ್ಯಕ್ಕೇನೂ ತೊಂದರೆ ಇಲ್ಲ.

ಈಗ ಮೊದಲೇ ಹೇಳಿದ ಆ ಇನ್ನೊಂದು ಕಾರಣ. ನಿಮ್ಮ ಕೆರೆತ ರಾತ್ರಿ ಹಾಸಿಗೆಗೆ ಹೋದ ಮೇಲೆ ಜಾಸ್ತಿ ಆಗುತ್ತಾ, ಕೈಬೆರಳ ಸಂದಿ, ಮಣಿಕಟ್ಟು, ಸೊಂಟ, ಗುಪ್ತಾಂಗದ ಹತ್ತಿರ ಸಣ್ಣ ಸಣ್ಣ ಗುಳ್ಳೆ ಇದ್ಯಾ ನೋಡ್ಕೊಳ್ಳಿ. ಇದ್ರೆ ಅದು ತುರಿಕಜ್ಜಿ ಇರಬಹುದು. ಕಣ್ಣಿಗೆ ಸರಿಯಾಗಿ ಕಾಣದ ಹುಳ ಚರ್ಮದ ಒಳಗೇ ಸುರಂಗ ಕೊರೆದು ಮೊಟ್ಟೆ ಇಟ್ಟಿರುತ್ತೆ, ನೀವು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡಿದ್ರೂ ಅದು ತೊಳೆದು ಹೋಗಲ್ಲ, ಮೈ ಗಲೀಜಾಗಿರೋರಿಗೆ ಮಾತ್ರ ಬರುತ್ತೆ ಅನ್ನೋದೂ ತಪ್ಪು, ಹತ್ತಿರ ಇರೋ ಯಾರಿಗೆ ಬೇಕಾದ್ರೂ ಅಂಟುತ್ತೆ. ಹೊಸದಾಗಿ ಅಂಟಿದೋರಿಗೆ ಕೆರೆತ ಶುರುವಾಗೋಕೆ 4ರಿಂದ 6 ವಾರ ಹಿಡಿಯುತ್ತೆ, ಹಾಗಾಗಿ ನಿಮ್ಮ ರೂಮ್‌ಮೇಟ್‌ಗೆ ಈಗ ಏನೂ ಇಲ್ಲ ಅಂದ್ರೆ ಅಂಟಿಲ್ಲ ಅಂತ ಅರ್ಥ ಅಲ್ಲ. ಗುಳ್ಳೆ ಇಲ್ಲದಿದ್ರೆ ಮೇಲೆ ಹೇಳಿದ ಹಾಗೆ ಎರಡು ವಾರ ಮಾಡಿ ನೋಡಿ, ಕಮ್ಮಿ ಆಗದಿದ್ರೆ ಅಥವಾ ಗುಳ್ಳೆ ಇದ್ರೆ ಇವತ್ತೇ ಚರ್ಮದ ಡಾಕ್ಟರ್ ಹತ್ರ ಹೋಗಿ. ಅವರು ತುರಿಕಜ್ಜಿ ಅಂತ ಹೇಳಿದ್ರೆ ನೀವಿಬ್ಬರೂ ಒಂದೇ ದಿನ ಔಷಧಿ ಹಚ್ಕೊಂಡು, ಹಾಸಿಗೆ ಹೊದಿಕೆ ಬಟ್ಟೆ ಎಲ್ಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.