ಫೋನಿನಲ್ಲಿರುವ ಸಂದೇಶ ಕಂಪ್ಯೂಟರಿನಲ್ಲಿ ಏಕಿಲ್ಲ?

"ಫೋನಿಗೆ ಬಂದುಂಟು, ಕಂಪ್ಯೂಟರಿಗೆ ಬರಲಿಲ್ಲ" ಎಂಬ ದೂರನ್ನು ಹೊತ್ತು ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ದುರಸ್ತಿ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲೇ ಒಂದು ಮದ್ದು ಮಾಡಿಕೊಂಡಿರುತ್ತಾರೆ: ವಾಟ್ಸಾಪ್‌ನಿಂದ ಲಾಗ್ ಔಟ್ ಆಗಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮತ್ತೆ ಒಳಹೊಕ್ಕಿರುತ್ತಾರೆ. ನಾನು ಕಂಡಂತೆ ಮೂಲ ದೋಷಕ್ಕಿಂತ ಈ ಮದ್ದಿನಿಂದಲೇ ಹೆಚ್ಚು ಸಂದೇಶಗಳು ಕಳೆದುಹೋಗಿವೆ.

ಕಂಪ್ಯೂಟರಿನ ವಾಟ್ಸಾಪ್ ಹಿಂದೆ ಫೋನಿನ ಕನ್ನಡಿಯಷ್ಟೇ ಆಗಿತ್ತು. ಫೋನ್ ಆಫ್ ಆದರೆ ಅದೂ ಸ್ತಬ್ಧವಾಗುತ್ತಿತ್ತು. 2021ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಹೊಸ ವ್ಯವಸ್ಥೆಯಲ್ಲಿ, ಫೋನಿಗೆ ಜೋಡಿಸಬಹುದಾದ ನಾಲ್ಕು ಸಾಧನಗಳಲ್ಲಿ ಪ್ರತಿಯೊಂದಕ್ಕೂ ಗೂಢಲಿಪಿಯನ್ನು ಬಿಡಿಸುವ ತನ್ನದೇ ಬೀಗದ ಕೈ ಇರುತ್ತದೆ, ಮತ್ತು ಕಳುಹಿಸುವವರ ಫೋನ್ ಒಂದೇ ಸಂದೇಶವನ್ನು ಪ್ರತಿ ಸಾಧನಕ್ಕೂ ಬೇರೆಬೇರೆಯಾಗಿ ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತದೆ. ಆದ್ದರಿಂದಲೇ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೆ ಹೋಗುವುದು ಸಾಧ್ಯ. ಹೊಸದಾಗಿ ಜೋಡಿಸುವಾಗ ಫೋನ್ ಇತ್ತೀಚಿನ ಸಂದೇಶಗಳ ಪ್ರತಿಯನ್ನು ಮಾತ್ರ ದಾಟಿಸುತ್ತದೆ, ಹಳೆಯದೆಲ್ಲವೂ ಬರುವುದಿಲ್ಲ. ಲಾಗ್ ಔಟ್ ಆದೊಡನೆ ಕಂಪ್ಯೂಟರಿನಲ್ಲಿದ್ದ ಪ್ರತಿ ಅಳಿಯುತ್ತದೆ. ಅಡಿಕೆ ವ್ಯಾಪಾರಿಯೊಬ್ಬರು ಫೋನಿನಲ್ಲಿ ಜಾಗ ಮಾಡಲೆಂದು ಬಿಲ್ಲುಗಳ ಚಿತ್ರಗಳನ್ನು ಗ್ಯಾಲರಿಯಿಂದ ಅಳಿಸಿದ್ದರು, ಅವು ಕಂಪ್ಯೂಟರಿನಲ್ಲಿ ಮಾತ್ರ ಉಳಿದಿದ್ದವು. ಅದನ್ನು ಕೇಳಿ ತಿಳಿಯದೆ ಲಾಗ್ ಔಟ್ ಮಾಡಿದವನು ನಾನೇ. ಅವರು ಆ ಬಿಲ್ಲುಗಳನ್ನು ಮಂಗಳೂರಿನಿಂದ ಮತ್ತೆ ತರಿಸಿಕೊಳ್ಳಬೇಕಾಯಿತು. ಈಗ ಬೇಕಾದ ಚಿತ್ರ, ಕಡತಗಳನ್ನು ಬೇರೊಂದು ಫೋಲ್ಡರಿಗೆ ಉಳಿಸಿಕೊಳ್ಳದೆ ಲಾಗ್ ಔಟ್ ಗುಂಡಿಯ ಹತ್ತಿರ ಹೋಗುವುದಿಲ್ಲ.

ಮೊದಲು ನೋಡಬೇಕಾದದ್ದು ಫೋನಿನ ವಾಟ್ಸಾಪ್‌ನಲ್ಲಿರುವ ಜೋಡಿತ ಸಾಧನಗಳ (ಲಿಂಕ್ಡ್ ಡಿವೈಸಸ್) ಪಟ್ಟಿ. ಕಂಪ್ಯೂಟರ್ ಕೊನೆಯದಾಗಿ ಯಾವಾಗ ಸಂಪರ್ಕಕ್ಕೆ ಬಂತೆಂಬುದು ಅಲ್ಲಿ ಬರೆದಿರುತ್ತದೆ. ಫೋನನ್ನೇ 14 ದಿನ ಬಳಸದಿದ್ದರೆ ಜೋಡಣೆಗಳೆಲ್ಲ ತಾವಾಗಿ ಕಡಿದುಹೋಗುತ್ತವೆ. ಜೋಡಣೆ ಸರಿಯಿದ್ದೂ ಸಂದೇಶ ಬರುತ್ತಿಲ್ಲವೆಂದರೆ ನಾನು ಪರದೆಯ ಮೂಲೆಯ ಗಡಿಯಾರವನ್ನು ನೋಡುತ್ತೇನೆ. ಆಟಿ ತಿಂಗಳ ಮಳೆಗೆ ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆಂದು ಹೇಳಬೇಕಾಗಿಲ್ಲ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಆಗ ವಾಟ್ಸಾಪ್‌ನ ಸರ್ವರ್ ತನ್ನ ಗುರುತಿಗಾಗಿ ತೋರಿಸುವ, ಅವಧಿ ನಿಗದಿಯಾದ ಭದ್ರತಾ ಪ್ರಮಾಣಪತ್ರವು ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿರುವುದಿಲ್ಲವಾದ್ದರಿಂದ ಸಂಪರ್ಕ ಏರ್ಪಡುವುದಿಲ್ಲ, ಅಂತರ ಹೆಚ್ಚಾದರೆ ವಿಂಡೋಸ್ ಹಲವು ಬಾರಿ ಸಮಯವನ್ನು ತಾನಾಗಿ ತಿದ್ದಿಕೊಳ್ಳುವುದೂ ಇಲ್ಲ. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದ ಮೇಲೆ, ತಡೆದು ನಿಂತಿದ್ದ ಸಂದೇಶಗಳು ಒಂದರ ಹಿಂದೆ ಒಂದರಂತೆ ಇಳಿಯುವುದನ್ನು ನೋಡಿದ್ದೇನೆ. ತಲುಪದ ಸಂದೇಶಗಳನ್ನು ವಾಟ್ಸಾಪ್ ತನ್ನ ಸರ್ವರಿನಲ್ಲಿ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ.

ಸಂದೇಶದ ಜಾಗದಲ್ಲಿ "ಇದಕ್ಕಾಗಿ ಕಾಯಲಾಗುತ್ತಿದೆ" ಎಂಬರ್ಥದ ಸಾಲು ಕಂಡರೆ ದೋಷ ನಿಮ್ಮ ಕಡೆ ಇಲ್ಲದಿರಬಹುದು; ಕಳುಹಿಸಿದವರು ತಮ್ಮ ಫೋನಿನಲ್ಲಿ ವಾಟ್ಸಾಪ್ ತೆರೆದಾಗ ಅದು ತುಂಬಿಕೊಳ್ಳುತ್ತದೆ. ಇದೇ ಬಗೆಯ ಇನ್ನೊಂದು ಆ್ಯಪ್ ಆದ ಟೆಲಿಗ್ರಾಂನ ಸಾಮಾನ್ಯ ಸಂಭಾಷಣೆ ಸರ್ವರಿನಲ್ಲೇ ಇರುವುದರಿಂದ ಯಾವ ಕಂಪ್ಯೂಟರಿನಲ್ಲಿ ಹೊಕ್ಕರೂ ಸಿಗುತ್ತದೆ, ಆದರೆ ಅದರ ರಹಸ್ಯ ಸಂಭಾಷಣೆ ಆರಂಭವಾದ ಫೋನನ್ನು ಬಿಟ್ಟು ಬರುವುದಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಹುಡುಕಿ ಫಲವಿಲ್ಲ.

ಇನ್ನು ನಮ್ಮ ಗಡಿನಾಡಿಗೇ ವಿಶೇಷವಾದ ಒಂದು ತೊಡಕಿದೆ. ಸಂದೇಶ ಕಂಪ್ಯೂಟರಿನಲ್ಲೇ ಇರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹುಡುಕಾಟ ಹೊಂದಿಸುವುದು ಅಕ್ಷರಗಳನ್ನೇ ಹೊರತು ಅರ್ಥವನ್ನಲ್ಲ. ನಾವು "ಅಡಿಕೆ" ಎಂದು ಹುಡುಕುವಾಗ ಕಳುಹಿಸಿದವರು "ಅಡಕೆ" ಎಂದೋ, ತುಳುವಿನಲ್ಲಿ "ಬಜ್ಜೆಯಿ" ಎಂದೋ, ಮಲಯಾಳ ಲಿಪಿಯಲ್ಲಿ "ಅಡಕ್ಕ" ಎಂದೋ, ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲೋ ಬರೆದಿರುತ್ತಾರೆ. "ಸಾಫ್ಟ್‌ವೇರ್" ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿರುತ್ತದೆ. ಒಬ್ಬರ ಕೀಲಿಮಣೆ ಅದನ್ನು ಹಾಕಿ ಇನ್ನೊಬ್ಬರದು ಹಾಕದಿದ್ದರೆ ಕೆಲವು ತಂತ್ರಾಂಶಗಳಿಗೆ ಅವೆರಡು ಬೇರೆ ಪದಗಳೇ. ಇಂತಹ ಪದವನ್ನು ಪೂರ್ತಿ ಬರೆಯದೆ ಮೊದಲ ಒಂದೆರಡು ಅಕ್ಷರಗಳಷ್ಟನ್ನೇ ಟೈಪ್ ಮಾಡಿ ನೋಡುವುದು ಮೇಲು. ದರ ಅಥವಾ ಬಿಲ್ಲಿನ ಸಂಖ್ಯೆ ನೆನಪಿದ್ದರೆ ಅದನ್ನೇ ಹುಡುಕಬಹುದು, ಕಳುಹಿಸಿದವರು ಕನ್ನಡ ಅಂಕಿಗಳ ಅಭಿಮಾನಿಯಾಗಿರದಿದ್ದರೆ.