ಸಂಪುಟ ದರ್ಜೆ ಸಿಕ್ಕವರೆಲ್ಲ ಸಚಿವರಲ್ಲ

ನಿಗಮ ಮಂಡಳಿಗಳಿಗೆ ಅಧ್ಯಕ್ಷರ ನೇಮಕವಾದರೆ ಸಾಕು, ಊರ ತುಂಬ ಫ್ಲೆಕ್ಸ್ ಏಳುತ್ತವೆ: ‘ನೂತನ ಸಚಿವರಿಗೆ ಹಾರ್ದಿಕ ಅಭಿನಂದನೆಗಳು’. ಅಭಿಮಾನಿಗಳನ್ನು ಬಿಡಿ, ಅವರ ಖುಷಿ ಅವರದು. ಆದರೆ ಟಿವಿಯಲ್ಲಿ ಸುದ್ದಿ ಓದುವವರೂ ‘ಅತೃಪ್ತ ಶಾಸಕರಿಗೆ ಸಚಿವ ಸ್ಥಾನ’ ಅಂದಾಗ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಅವರಿಗೆ ಸಿಕ್ಕಿದ್ದು ಸಂಪುಟ ದರ್ಜೆ ಸ್ಥಾನಮಾನ. ಸಂಪುಟದಲ್ಲಿ ಕುರ್ಚಿ ಅಲ್ಲ.

‘ದರ್ಜೆ’ ಅರಬ್ಬಿಯ ‘ದರಜಾ’ದಿಂದ ಬಂದ ಮಾತು. ಮೂಲದಲ್ಲಿ ಮೆಟ್ಟಿಲು ಎಂದರ್ಥ. ಇಲ್ಲೂ ಅಷ್ಟೇ: ಯಾರು ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಅನ್ನುವ ಲೆಕ್ಕ. ಸಚಿವರ ಮೆಟ್ಟಿಲಿಗೆ ಹತ್ತಿಸಿದರೆ ಅವರಿಗೆ ಸಿಗುವಂಥ ಸಂಬಳ, ಕಾರು, ಆಪ್ತ ಸಿಬ್ಬಂದಿ, ಶಿಷ್ಟಾಚಾರ ಸಿಗುತ್ತವೆ. ಅದೂ ಸರ್ಕಾರಿ ಆದೇಶದಲ್ಲಿ ಬರೆದಷ್ಟು ಮಾತ್ರ. ಇನ್ನು ‘ಸಂಪುಟ’ ಅಂದರೆ ಮುಚ್ಚಳವಿರುವ ಪೆಟ್ಟಿಗೆ, ಕರಡಿಗೆ. ಒಳಗಿನ ಮಾತು ಒಳಗೇ ಇರಬೇಕಾದ ಸಭೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ. ದರ್ಜೆ ಪಡೆದವರು ಈ ಪೆಟ್ಟಿಗೆಯ ಹೊರಗೇ ಇರುತ್ತಾರೆ.

ಇನ್ನೂ ಅನುಮಾನವಿದ್ದರೆ ವಿಧಾನಸಭೆಯ ವಿರೋಧ ಪಕ್ಷದ ನಾಯಕರನ್ನು ನೋಡಿ. ಕರ್ನಾಟಕದಲ್ಲಿ ಅವರಿಗೂ ಸಂಪುಟ ದರ್ಜೆ ಇದೆ. ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವುದೇ ಅವರ ಕೆಲಸ. ಅವರನ್ನು ಯಾರಾದರೂ ಸಚಿವರು ಅಂತಾರಾ?

ನಿಜವಾದ ಸಚಿವರಾಗಲು ರಾಜಭವನದ ದಾರಿ ಹಿಡಿಯಬೇಕು. ಸಂವಿಧಾನದ 164ನೇ ವಿಧಿಯಂತೆ ಮುಖ್ಯಮಂತ್ರಿ ಸಲಹೆ ಕೊಡುತ್ತಾರೆ, ರಾಜ್ಯಪಾಲರು ನೇಮಿಸುತ್ತಾರೆ. ಅಧಿಕಾರದ ಪ್ರಮಾಣ ಒಂದು, ಗೋಪ್ಯತೆಯ ಪ್ರಮಾಣ ಇನ್ನೊಂದು. ಶಾಸಕರಾಗಿಲ್ಲದವರೂ ಸಚಿವರಾಗಬಹುದು, ಆದರೆ ಆರು ತಿಂಗಳೊಳಗೆ ಎರಡರಲ್ಲಿ ಒಂದು ಸದನಕ್ಕೆ ಬರಲೇಬೇಕು. ಆಮೇಲೆ ಖಾತೆ. ಖಾತೆ ಬಂತು ಅಂದರೆ ಇಲಾಖೆಯ ಕಡತಕ್ಕೆ ಸಹಿ ಹಾಕಬೇಕು, ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಡಬೇಕು. ಮಸೂದೆ ಮಂಡಿಸಬೇಕು, ಸಂಪುಟ ಸಭೆಯಲ್ಲಿ ತಮ್ಮ ಇಲಾಖೆಯ ಪ್ರಸ್ತಾವವನ್ನು ಸಮರ್ಥಿಸಬೇಕು. ಜಿಲ್ಲಾ ಉಸ್ತುವಾರಿ ಹೆಗಲಿಗೆ ಬಿದ್ದರೆ ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆ, ಆಗಸ್ಟ್ 15ರ ಧ್ವಜಾರೋಹಣ ಕೂಡ ಅವರದೇ. ಎಲ್ಲಕ್ಕಿಂತ ಮುಖ್ಯವಾದದ್ದು ಸಾಮೂಹಿಕ ಹೊಣೆ. ಸಂಪುಟದ ತೀರ್ಮಾನ ಇಷ್ಟವಿಲ್ಲದಿದ್ದರೂ ಹೊರಗೆ ಬಂದು ವಿರೋಧಿಸುವಂತಿಲ್ಲ. ವಿರೋಧಿಸಲೇಬೇಕು ಅಂದರೆ ರಾಜೀನಾಮೆ ಕೊಡಬೇಕು. ನಿಗಮದ ಅಧ್ಯಕ್ಷರಿಗೆ ಇದ್ಯಾವುದೂ ಇಲ್ಲ. ನಿಗಮದ ವಿಷಯಕ್ಕೂ ಸದನದಲ್ಲಿ ಉತ್ತರ ಕೊಡುವವರು ಆ ಇಲಾಖೆಯ ಸಚಿವರೇ.

ಹಾಗಾದರೆ ಈ ದರ್ಜೆಗೆ ಇಷ್ಟು ಬೇಡಿಕೆ ಯಾಕೆ? ಗಣಿತ ಸರಳ. 2003ರ 91ನೇ ತಿದ್ದುಪಡಿ ಬಂದ ಮೇಲೆ ಮುಖ್ಯಮಂತ್ರಿಯೂ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಬಲದ ಶೇ 15 ಮೀರುವಂತಿಲ್ಲ. ನಮ್ಮ 224ಕ್ಕೆ ಅದು 34. 1990ರ ದಶಕದಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರದಲ್ಲಿ 90ಕ್ಕೂ ಹೆಚ್ಚು ಸಚಿವರಿದ್ದರು. ಅಂಥ ಜಾತ್ರೆಗೆ ತಡೆ ಹಾಕಲು ಬಂದ ನಿಯಮ ಇದು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಸರ್ಕಾರ ಬಂದ ಕೆಲವೇ ದಿನಗಳಲ್ಲಿ 34 ಸ್ಥಾನವೂ ಭರ್ತಿಯಾದವು. ಗೆದ್ದ ಶಾಸಕರು 135. ಜಾತಿ, ಜಿಲ್ಲೆ, ಹಿರಿತನ, ಬಣ ಎಲ್ಲ ಅಳೆದು ಸುರಿದರೂ ನೂರು ಜನ ಹೊರಗೆ ಉಳಿದರು ಅಲ್ವಾ? ಎಷ್ಟೋ ಶಾಸಕರ ರಾಜಕೀಯ ಬದುಕು ‘ಮುಂದಿನ ವಿಸ್ತರಣೆ’ಯನ್ನು ಕಾಯುತ್ತಲೇ ಮುಗಿಯುತ್ತದೆ. ಅವರ ಮುನಿಸಿಗೆ ಮುಲಾಮು ಈ ದರ್ಜೆ. ಮಿತಿ ಸಚಿವರಿಗೆ, ದರ್ಜೆಗಲ್ಲ! ಹಿಂದೆ ಸಚಿವರ ನೆರವಿಗೆ ಶಾಸಕರನ್ನೇ ನೇಮಿಸುವ ಸಂಸದೀಯ ಕಾರ್ಯದರ್ಶಿ ಅನ್ನುವ ಹುದ್ದೆಯೂ ಇದೇ ಕೆಲಸಕ್ಕೆ ಬರುತ್ತಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಮಿನ ಸಂಸದೀಯ ಕಾರ್ಯದರ್ಶಿಗಳ ಕಾನೂನನ್ನೇ ರದ್ದು ಮಾಡಿದ್ದರಿಂದ ಆ ದಾರಿ ಕಷ್ಟವಾಯಿತು.

ಇನ್ನೊಂದು ಗೊಂದಲ ‘ರಾಜ್ಯ ಸಚಿವ’. ಇದು ರಾಜ್ಯ ಸರ್ಕಾರದ ಸಚಿವ ಅಂತಲ್ಲ, ಸಂಪುಟ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗಿನ ಸಚಿವ. ವಿ. ಸೋಮಣ್ಣ ಮತ್ತು ಶೋಭಾ ಕರಂದ್ಲಾಜೆ ಇಬ್ಬರೂ ಬೆಂಗಳೂರಿನಲ್ಲಿ ಸಂಪುಟ ಸಚಿವರಾಗಿದ್ದವರು. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಪ್ರಮಾಣ ವಚನ ತೆಗೆದುಕೊಂಡದ್ದು ‘ರಾಜ್ಯ ಸಚಿವ’ರಾಗಿ. ಅಂದರೆ ರಾಜ್ಯದಲ್ಲಿದ್ದಾಗ ರಾಜ್ಯ ಸಚಿವರಲ್ಲ, ಕೇಂದ್ರಕ್ಕೆ ಹೋದ ಮೇಲೆ ರಾಜ್ಯ ಸಚಿವರು. ಹೆಸರೇ ಹಾಗಿದೆ, ಓದುಗರನ್ನು ಬೈದು ಪ್ರಯೋಜನವಿಲ್ಲ.

ಬೈಯಬೇಕಾದ್ದು ‘ಮುಖ್ಯ ಸಚಿವ’ ಅಂತ ಬರೆಯುವವರನ್ನು. ಹಿಂದಿಯಲ್ಲಿ ಸಚಿವ್ ಅಂದರೆ ಕಾರ್ಯದರ್ಶಿ. ಅಲ್ಲಿನ ‘ಮುಖ್ಯ ಸಚಿವ್’ ನಮ್ಮ ಮುಖ್ಯ ಕಾರ್ಯದರ್ಶಿ, ಅಂದರೆ ಐಎಎಸ್ ಅಧಿಕಾರಿ. ಹಿಂದಿ ಸುದ್ದಿಯನ್ನು ಸುಮ್ನೆ ಹಾಗೇ ಇಳಿಸಿಕೊಂಡರೆ ‘ಬಿಹಾರದ ಮುಖ್ಯ ಸಚಿವರ ವರ್ಗಾವಣೆ’ ಅಂತಾಗುತ್ತದೆ. ಚುನಾವಣೆಯಲ್ಲಿ ಗೆದ್ದು ಬಂದವರನ್ನು ಯಾರು ವರ್ಗಾವಣೆ ಮಾಡುತ್ತಾರೆ ಸ್ವಾಮಿ?