ಕುಬುಸದ ದಿನ ಕಿವಿಯಲ್ಲಿ ಹೇಳಿದ ಮಾತು

ದಾವಣಗೆರೆಯಲ್ಲಿ ಅಕ್ಕನ ಮಗಳ ಕುಬುಸ. ಕೈತುಂಬ ಹಸಿರು ಬಳೆ ಹಾಕಿಕೊಂಡು ಕೂತಿದ್ದವಳು ನನ್ನ ಕಿವಿಯಲ್ಲಿ ಹೇಳಿದಳು: "ಚಿಕ್ಕಮ್ಮ, ಬಿಳಿ ಜಾಸ್ತಿ ಹೋಗ್ತೈತಿ. ಮೀನಿನ ವಾಸನೆ ಬೇರೆ. ದಿನಾ ಸೋಪು ಹಾಕಿ ಒಳಗೆಲ್ಲ ತೊಳಿತೀನಿ."

"ಡಾಕ್ಟರಿಗೆ ಹೇಳಿದ್ಯಾ?"

"ಅದನ್ನೆಲ್ಲ ಹೆಂಗೆ ಹೇಳೋದು?"

ಬಸುರಿಗೆ ಬಿಳಿ ಸ್ವಲ್ಪ ಜಾಸ್ತಿ ಹೋಗುವುದು ಸಹಜ. ಆದರೆ ವಾಸನೆ ಬಂದರೆ ತೋರಿಸಲೇಬೇಕು. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ವಾಸ ಮಾಡುತ್ತವೆ. 1892ರಲ್ಲೇ ಜರ್ಮನಿಯ ಡಾಕ್ಟರ್ ಡೋಡರ್ಲೈನ್ ಇವುಗಳ ಬಗ್ಗೆ ಬರೆದಿದ್ದರು. ಒಳಪದರದಲ್ಲಿ ಸಿಗುವ ಸಕ್ಕರೆ ತಿಂದು ಇವು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಹುಳಿ, ಪಿಎಚ್ 4.5ಕ್ಕಿಂತ ಕಡಿಮೆ (ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಹೆಚ್ಚು). ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಒಳಗೆ ತೊಳೆದರೆ ಈ ಕಾವಲೇ ಕೆಡುತ್ತದೆ. ಹೊರಗಷ್ಟೇ ನೀರು ಹಾಕಿದರೆ ಸಾಕು.

ಕಾವಲು ಸಡಿಲಾದಾಗ ಗಾರ್ಡ್ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಇದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ಮೇಲೆಲ್ಲ ಬ್ಯಾಕ್ಟೀರಿಯಾ ಅಂಟಿರುತ್ತವೆ, ಒಣಹಿಟ್ಟು ಉದುರಿಸಿದ ಜೋಳದ ರೊಟ್ಟಿಯ ಹಾಗೆ. ಅಂಚೇ ಕಾಣುವುದಿಲ್ಲ. ಎಷ್ಟೋ ಜನರಿಗೆ ವಾಸನೆ, ತೊಂದರೆ ಏನೂ ಇರುವುದಿಲ್ಲ ಅನ್ನುವುದು ಇದರ ಕಷ್ಟ.

ಗರ್ಭಕೋಶದ ಬಾಯಿಗೆ ಗಟ್ಟಿ ಲೋಳೆಯ ಬಿರಡೆ ಇರುತ್ತದೆ. ಈ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಆ ಲೋಳೆಯನ್ನೇ ಕರಗಿಸುವ ಕಿಣ್ವ ಬಿಡುತ್ತವೆ. ಸೋಂಕು ಮೇಲೇರಿದರೆ ಮಗುವಿನ ಸುತ್ತಲಿನ ಪೊರೆ ಉರಿಯೂತದಿಂದ ದುರ್ಬಲವಾಗುತ್ತದೆ. ಜೊತೆಗೆ ಪ್ರೊಸ್ಟಗ್ಲಾಂಡಿನ್ ಹುಟ್ಟುತ್ತದೆ. ಹೆರಿಗೆ ನೋವು ಬರಿಸುವುದೂ ಅದೇ. ಹೀಗೆ ನೀರು ಬೇಗ ಒಡೆಯಬಹುದು, 37 ವಾರ ತುಂಬುವ ಮೊದಲೇ ಹೆರಿಗೆ ಆಗಬಹುದು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ವಜೈನೋಸಿಸ್ ಇರುವ ಬಹುಪಾಲು ತಾಯಂದಿರಿಗೆ ದಿನ ತುಂಬಿಯೇ ಹೆರಿಗೆ ಆಗುತ್ತದೆ.

ಆಂಟಿಬಯಾಟಿಕ್‌ನಿಂದ ವಾಸನೆ, ಸ್ರಾವ ಕಡಿಮೆಯಾಗುತ್ತದೆ. ಆದರೆ ಅವಧಿಗೆ ಮುಂಚಿನ ಹೆರಿಗೆ ಅದರಿಂದ ತಪ್ಪುತ್ತದೆ ಅನ್ನುವ ಹಾಗಿಲ್ಲ. ಫ್ರಾನ್ಸ್‌ನಲ್ಲಿ ಹೆಚ್ಚಿನ ಅಪಾಯವಿಲ್ಲದ ಗರ್ಭಿಣಿಯರಿಗೆ ಕ್ಲಿಂಡಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟು ನೋಡಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಟ್ಟವು ಸತ್ತ ಮಾತ್ರಕ್ಕೆ ಒಳ್ಳೆಯವು ಮರಳಿ ಬಂದು ನೆಲೆಸುತ್ತವೆ ಅಂತಿಲ್ಲ, ಅಲ್ವಾ? ಮೊಸರು ಹಚ್ಚಿದರೂ ಆಗದು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಬೇರೆ ಜಾತಿಯವು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಹುಳಿ ಅಳೆಯಲು ನರ್ಸ್ ಹಿಡಿದ ಹಳದಿ ಪಟ್ಟಿ ಹಸಿರಿಗೆ ತಿರುಗಿತು, ಅಂದರೆ ಹುಳಿ ಕಡಿಮೆಯಾಗಿತ್ತು. ಏಳು ದಿನದ ಮಾತ್ರೆ ಕೊಟ್ಟರು. ಅಷ್ಟು ದಿನ ಹೇಳಲಾಗದೆ ಒದ್ದಾಡಿದ್ದನ್ನು ಅವಳು ಡಾಕ್ಟರ ಮುಂದೆ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದಳು.